ತಾಟಿಗೊಂದು ತೊಗರಿ ಕಾಳು

ಸೇಡಂನ ಕಾಲೇಜಿಗೆ ನಾನು ಸಂಖ್ಯಾಶಾಸ್ತ್ರ ಕಲಿಸಲು ಸೇರಿದ ದಿನ ಪ್ರಾಂಶುಪಾಲರು, "ಮೊದಲ ವಾರ ನಿಮ್ಮ ವಿಭಾಗದ ಹಿರಿಯ ಸರ್ ಕ್ಲಾಸಿನಾಗ ಹಿಂದ ಕುಂತು ನೋಡ್ರಿ, ಕಲೀಲಿಕ್ಕ ಭಾಳ ಅದ" ಎಂದಿದ್ದರು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಹೊಸ ಬಿಸಿ ನನಗೆ. ಕಲಿಸಲು ಬಂದವಳಿಗೆ ಕಲಿಯಲು ಹೇಳುತ್ತಾರಲ್ಲ ಎಂದು ಒಳಗೊಳಗೇ ಉರಿದುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತೆ.

ಸರ್ ಒಳಗೆ ಬಂದರು. ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಹುಡುಗರ ಕಡೆ ಕಣ್ಣೆತ್ತಿಯೂ ನೋಡದೆ ಬೋರ್ಡಿನ ಮೂಲೆಯಲ್ಲಿ ಮೂವತ್ತೊಂದು ಎಂಬ ಅಂಕಿ ಬರೆದರು. ಆಮೇಲೆ ತಿರುಗಿ ಹಾಜರಿ ಕರೆದರು. ಮೂವತ್ತನಾಲ್ಕು ಜನ ಇದ್ದರು. ಮೊದಲಿನ ಅಂಕಿಯ ಪಕ್ಕದಲ್ಲಿ ಅದನ್ನೂ ಬರೆದು, "ಇವತ್ತ ಮೂರು ತಪ್ಪು. ನಿನ್ನಿ ಐದು ತಪ್ಪಿತ್ತು. ಜರಾ ಶಾಣ್ಯಾ ಆಗಾಕತ್ತೀನಿ" ಎಂದರು. ಹುಡುಗರು ನಕ್ಕರು. ಪಾಠ ಶುರುವಾಯಿತು.

ದಿನವೂ ಹೀಗೆಯೇ. ಹಾಜರಿ ಕರೆಯುವ ಮೊದಲು ಅಂದಾಜು, ಕರೆದ ಮೇಲೆ ತಪ್ಪು. ಒಮ್ಮೆ ಹುಡುಗರೆಲ್ಲ ಸೇರಿ ಸರ್‌ಗೆ ಸೋಲುಣಿಸಬೇಕೆಂದು ಹುನ್ನಾರ ಮಾಡಿದರು. ಕಾಲೇಜಿನ ಮುಖವನ್ನೇ ಮರೆತವರನ್ನೂ ಹಿಡಿದು ತಂದು ಕೂರಿಸಿ, ಹೆಸರು ಹಚ್ಚಿದ್ದ ಐವತ್ತೆಂಟು ಮಂದಿಯೂ ಹಾಜರಾದರು. ಬೋರ್ಡಿನ ಮೇಲೆ ಮೂವತ್ತಮೂರು ಇತ್ತು. ಸರ್ ಇಪ್ಪತ್ತೈದು ತಪ್ಪು ಎಂದು ದೊಡ್ಡದಾಗಿ ಬರೆದು, ಸೀಮೆಸುಣ್ಣದ ಕೈಯನ್ನು ಅಂಗಿಗೆ ಒರೆಸಿಕೊಂಡು, "ಇಂಥಾ ತಪ್ಪು ದಿನಾ ಆಗಲೆಪ್ಪಾ" ಎಂದರು. ಅವರ ಖುಷಿ ನೋಡಿ, ಸೋಲಿಸಲು ಬಂದ ಹುಡುಗರು ಪೆಚ್ಚಾದರು.

ಮೊನ್ನೆ, ಸರ್ ನಿವೃತ್ತರಾದ ಮೇಲೆ ಶುರು ಮಾಡಿದ್ದ ಮಠದ ದಾಸೋಹದ ರಿಜಿಸ್ಟರ್ ತುಂಬಿತು. ಹೊಸದು ತಂದು, ಹಳೆಯದನ್ನು ಕಪಾಟಿಗೆ ಇಡುವ ಮೊದಲು ಒಂದು ಸಲ ಹಾಳೆ ತಿರುಗಿಸಿದೆ. ಬಹುಪಾಲು ಸರ್ ಅಕ್ಷರ, ಕೊನೆಯ ಕೆಲವು ಹಾಳೆ ನನ್ನದು. ಅವರನ್ನು ನೆನೆಯಲು ನನಗೆ ಫೋಟೋ ಬೇಕಾಗಿಲ್ಲ, ಈ ರಿಜಿಸ್ಟರ್ ಸಾಕು.

ನಾವು ಒಟ್ಟಿಗೆ ಕೆಲಸ ಮಾಡಿದ್ದು ಎರಡೇ ವರ್ಷ. ಆಮೇಲೆ ಅವರು ನಿವೃತ್ತರಾದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಗಳು ಹೈದರಾಬಾದಿನಲ್ಲಿ. ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೊಳೆ ದಂಡೆಗೆ, ಒಂದು ಸಣ್ಣ ಮಠವಿದೆ. ಮಧ್ಯಾಹ್ನದ ಊಟಕ್ಕೆ ಸರ್ ಅಲ್ಲಿಗೆ ಹೋಗತೊಡಗಿದರು. ಅನ್ನ, ಸಾರು, ಪಲ್ಯ. ಸೋಮವಾರ ಗೋಧಿ ಹುಗ್ಗಿ. ನೆಲದ ಮೇಲೆ ಎಲ್ಲರ ಜೊತೆ ಕುಳಿತು ಉಂಡು, ತಾಟು ತೊಳೆದಿಟ್ಟು ಬರುತ್ತಿದ್ದರು. ನಾಲ್ಕನೇ ದಿನವೋ ಐದನೇ ದಿನವೋ ಹಿತ್ತಲಲ್ಲಿ ಹಂಡೆಗಟ್ಟಲೆ ಅನ್ನ ದನಗಳ ಮುಂದೆ ಸುರಿಯುವುದನ್ನು ಕಂಡರು. ಪ್ರಸಾದ ಒಂದು ಅಗುಳೂ ಚೆಲ್ಲಬಾರದೆಂದು ಬೆಳೆದವರು. ಕರುಳು ಚುರ್ ಎಂದಿತು. ಅಡುಗೆಯ ಶಾಂತವ್ವನನ್ನು, "ದಿನಾ ಎಷ್ಟು ಮಂದಿ ಉಣ್ತಾರವಾ?" ಎಂದು ಕೇಳಿದರು.

"ಯಾರ್ ಎಣಿಸ್ಯಾರ್ರಿ ಸರ? ದಿನಾ ನಾನೂರು ಮಂದಿಗಿ ಮಾಡು ಅಂತ ಕಮಿಟಿಯವರು ಹೇಳ್ಯಾರ. ಮಾಡ್ತೀನಿ."

ಮರುದಿನ ಸರ್ ಎರಡು ಹಾಲಿನಪುಡಿ ಡಬ್ಬಿ ತಂದು ತಾಟುಗಳ ಪಕ್ಕದಲ್ಲಿಟ್ಟರು. ಒಂದರ ತುಂಬ ತೊಗರಿ ಕಾಳು, ಇನ್ನೊಂದು ಖಾಲಿ. ಒಂದು ತಾಟು ಕೊಟ್ಟಾಗ ಒಂದು ಕಾಳು ಈ ಡಬ್ಬಿಯಿಂದ ಆ ಡಬ್ಬಿಗೆ. ಊಟ ಮುಗಿದ ಮೇಲೆ ಧೋತರದ ತುಂಡಿನ ಮೇಲೆ ಸುರಿದು ಹತ್ತು ಹತ್ತಾಗಿ ಎಣಿಸುವುದು. ತಮ್ಮ ಕಾಳನ್ನು ತಾವೇ ಹಾಕುತ್ತಿದ್ದರು. ಒಂದು ದಿನ ಶಾಂತವ್ವ ಗಡಿಬಿಡಿಯಲ್ಲಿ ಎಣಿಸಬೇಕಾದ ಡಬ್ಬಿಯನ್ನೇ ಕಾಳುಪಲ್ಯಕ್ಕೆ ನೆನೆಹಾಕಿಬಿಟ್ಟಳು. "ಇನ್ನೂರಾ ನಲವತ್ತರ ಹತ್ರ ಇರಬೇಕು ಸರ್, ಅಷ್ಟು ಬರೆದುಬಿಡಿ" ಎಂದೆ, ಕಾಲೇಜು ಬಿಟ್ಟ ಮೇಲೆ ಅವರನ್ನು ನೋಡಲು ಅಲ್ಲಿಗೆ ಹೋಗುತ್ತಿದ್ದ ನಾನು. ಸರ್ ಆ ದಿನದ ಸಾಲನ್ನು ಖಾಲಿ ಬಿಟ್ಟು, ಪಕ್ಕದಲ್ಲಿ "ಉಂಡೆವು" ಎಂದು ಮಾತ್ರ ಬರೆದರು.

ಎಣಿಕೆ ಕೈಗೆ ಬಂದ ಮೇಲೆ ನಾಳೆಗೆ ಎಷ್ಟು ಮಂದಿ ಎಂಬ ಆಟ ಶುರುವಾಯಿತು. ಅದಕ್ಕೆ ನಾಲ್ವರು ಅಂದಾಜುಗಾರರು. ನಾನು ತರಗತಿಯಲ್ಲಿ ಅರ್ಧ ಗಂಟೆ ಸೂತ್ರ ಬರೆದು ಹೇಳುವ ವಿಧಾನಗಳಿಗೆ ಅವರು ಅಣ್ಣತಮ್ಮ ಅಕ್ಕತಂಗಿಯರ ಹೆಸರಿಟ್ಟಿದ್ದರು. ಇವತ್ತು ಎಷ್ಟು ಬಂದರೋ ನಾಳೆಯೂ ಅಷ್ಟೇ ಎನ್ನುವವನು ನಿನ್ನೆಪ್ಪ. ಹೋದ ವಾರ ಇದೇ ದಿನ ಎಷ್ಟು ಬಂದಿದ್ದರೋ ಅಷ್ಟೇ ಎನ್ನುವವಳು ವಾರವ್ವ. ಕಳೆದ ಏಳು ದಿನ ಕೂಡಿಸಿ ಏಳರಿಂದ ಭಾಗಿಸುವವನು ಸರಾಸರಪ್ಪ. ನಾಲ್ಕನೆಯವಳು ತಿದ್ದವ್ವ, ಸರ್‌ಗೆ ಅಚ್ಚುಮೆಚ್ಚು. ಅವಳು ತನ್ನ ಹಳೆಯ ಅಂದಾಜನ್ನು ಪೂರ್ತಿ ಬಿಡುವುದೂ ಇಲ್ಲ, ಅದಕ್ಕೇ ಜೋತುಬೀಳುವುದೂ ಇಲ್ಲ. ಎಷ್ಟು ತಪ್ಪಿತೋ ಅದರಲ್ಲಿ ಕಾಲು ಪಾಲು ತಿದ್ದಿಕೊಳ್ಳುತ್ತಾಳೆ. ಇನ್ನೂರ ನಲವತ್ತು ಎಂದಿದ್ದಳು, ಇನ್ನೂರ ಎಂಬತ್ತು ಬಂದರು, ನಲವತ್ತು ತಪ್ಪಿತು. ನಾಳೆಗೆ ಹತ್ತು ಏರಿಸಿ ಇನ್ನೂರ ಐವತ್ತು ಎನ್ನುತ್ತಾಳೆ, ಅಷ್ಟೇ.

"ಪೂರಾ ಯಾಕ ತಿದ್ದಿಕೊಳ್ಳಂಗಿಲ್ಲ ಸರ್?" ಎಂದು ಶಾಂತವ್ವನೇ ಒಮ್ಮೆ ಕೇಳಿದ್ದಳು.

"ಒಂದು ದಿನ ಮದುವಿ ಮಂದಿ ಬಂದು ಉಂಡು ಹೋಗಿರ್ತಾರ. ಅದಕ್ಕ ನಾಳಿಗಿನೂ ಮದುವಿ ಅದ ಅಂತ ತಿಳ್ಕೊಂಡ್ರ ಹ್ಯಾಂಗ?"

ನಾಲ್ವರ ಅಂದಾಜನ್ನೂ ಸಂಜೆಯೇ ನೀಲಿ ಪೆನ್ನಿನಲ್ಲಿ ಬರೆಯಬೇಕು. ಬರೆದ ಮೇಲೆ ಮುಟ್ಟುವಂತಿಲ್ಲ. ಮರುದಿನ ಊಟವಾದ ಮೇಲೆ ಯಾರು ಎಷ್ಟು ತಪ್ಪಿದರೆಂದು ಕೆಂಪು ಪೆನ್ನಿನಲ್ಲಿ ಬರೆಯಬೇಕು. ತಪ್ಪು ತೀರಾ ದೊಡ್ಡದಾದರೆ ಅದರ ಸುತ್ತ ಒಂದು ಸುತ್ತು, ಪಕ್ಕದಲ್ಲಿ ಕಾರಣ. ಮಳೆ ಎಂದೋ, ಬಸ್ಸಿಲ್ಲ ಎಂದೋ ಬರೆಯುತ್ತಿದ್ದರು. ತಿಳಿಯದಿದ್ದರೆ "ಕಾರಣ ಗೊತ್ತಿಲ್ಲ" ಎಂದು ಬರೆಯುತ್ತಿದ್ದರು; ಊಹಿಸಿ ತುಂಬುತ್ತಿರಲಿಲ್ಲ. ಸೋಮವಾರ ನಾನೂರರ ಹತ್ತಿರ ಬರುತ್ತಾರೆ, ಉಳಿದ ದಿನ ಇನ್ನೂರೈವತ್ತರ ಆಸುಪಾಸು. ಹಾಗಾಗಿ ಸೋಮವಾರದ ಮಾತು ವಾರವ್ವನದು, ಅವತ್ತು ತಿದ್ದವ್ವನಿಗೆ ರಜೆ. ಉಳಿದ ಆರು ದಿನ ತಿದ್ದವ್ವ ಹೇಳಿದ್ದೇ ಸರಿ. ಇದು ಸರ್‌ಗೆ ಇಷ್ಟವೆಂದು ಆದದ್ದಲ್ಲ. ವರ್ಷವಿಡೀ ಕೆಂಪು ಅಂಕಿ ಕೂಡಿಸಿ ನೋಡಿದ ಮೇಲೆ ಆದದ್ದು.

ನನಗೆ ಈ ನಿನ್ನೆಪ್ಪ ವಾರವ್ವರ ಸಂಸಾರ ಬಾಲವಾಡಿಯ ಆಟದಂತೆ ಕಾಣುತ್ತಿತ್ತು. ಒಂದು ಭಾನುವಾರ ಚಿತ್ತಾಪುರದ ನಮ್ಮ ಮನೆಯಲ್ಲಿ ಕುಳಿತು, ರಿಜಿಸ್ಟರಿನ ಇಡೀ ವರ್ಷದ ಅಂಕಿಗಳನ್ನು ಲ್ಯಾಪ್‌ಟಾಪಿಗೆ ತುಂಬಿ, ನೂರಾರು ಕಡೆ ತಿರುವಿ ಹೊಂದಿಸಬಹುದಾದ ದೊಡ್ಡ ಲೆಕ್ಕದ ಮಾದರಿಯೊಂದನ್ನು ಕಟ್ಟಿದೆ. ದಿನಕ್ಕೆ ಐದಾರು ತಾಟಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಸೋಮವಾರ ರೈಲಿನಿಂದ ಇಳಿದವಳೇ ಮಠಕ್ಕೆ ಓಡಿದೆ.

ಸರ್ ಪೂರ್ತಿ ನೋಡಿದರು. "ಭಾಳ ಚಂದ ಅದ ಮೇಡಂ. ಇದಕ್ಕ ಪಾಠ ಯಾವುದರ ಮ್ಯಾಲ ಹೇಳಿದ್ರಿ?"

"ಈ ವರ್ಷದ ಲೆಕ್ಕದ ಮೇಲೆ."

"ಪರೀಕ್ಷಾ?"

ಪರೀಕ್ಷೆಯೂ ಅದೇ ವರ್ಷದ ಲೆಕ್ಕದ ಮೇಲೆಯೇ, ಉತ್ತರ ತೋರಿಸಿ ಪ್ರಶ್ನೆ ಕೇಳಿದಂತೆ. ಇದನ್ನು ಮಾಡಬಾರದೆಂದು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಅಡಿಗೆರೆ ಎಳೆದು ಹೇಳುತ್ತೇನೆ. ಸರ್ ನಗಲಿಲ್ಲ. ರಿಜಿಸ್ಟರಿನ ಕೊನೆಯ ಎರಡು ತಿಂಗಳ ಮೇಲೆ ಹಳೇ ಪೇಪರು ಮುಚ್ಚಿ, "ಹತ್ತು ತಿಂಗಳು ಕಲಿಸ್ರಿ, ಈ ಎರಡು ತಿಂಗಳು ಕೇಳ್ರಿ" ಎಂದರು. ಹಾಗೆ ಕೇಳಿದಾಗ ನನ್ನ ಮಾದರಿ ಐವರಲ್ಲಿ ನಾಲ್ಕನೆಯದಾಯಿತು. ಮುಖ ಸಣ್ಣದು ಮಾಡಿಕೊಂಡು ಕುಳಿತೆ.

"ನಿನ್ನೆಪ್ಪನ್ನ ಸೋಲಿಸಿದ್ರಲ್ಲ, ಕಮ್ಮಿ ಆಯ್ತೇನು? ಭಾಳ ಮಂದಿಗಿ ಅದೂ ಆಗಂಗಿಲ್ಲ" ಎಂದು ಹುಗ್ಗಿಯ ಮೇಲೆ ತುಪ್ಪ ಹಾಕಿಸಿದರು. ಅವತ್ತಿನಿಂದ ನಾನು ಅವರ ಶಿಷ್ಯಳಾದೆ.

ಅದೇ ಹೊತ್ತಿಗೆ ಮಠದ ಕಮಿಟಿಯಲ್ಲಿ ಹೊಸ ಮಾತು ಎದ್ದಿತು. ಅಧ್ಯಕ್ಷರು ಕಾಳುಕಡಿಯ ಅಡತಿ ಅಂಗಡಿಯ ಸಾವುಕಾರರು. ಅನ್ನ ದನಕ್ಕೆ ಸುರಿಯುವುದು ಅವರ ಕಣ್ಣಿಗೂ ಬಿದ್ದಿತ್ತು. ಇನ್ನು ಮುಂದೆ ಉಣ್ಣುವವರು ಹಿಂದಿನ ದಿನ ಸಂಜೆಯೊಳಗೆ ಆಫೀಸಿಗೆ ಬಂದು ಹೆಸರು ಬರೆಸಿ ಟೋಕನ್ ಪಡೆಯಬೇಕು, ಟೋಕನ್ ಎಷ್ಟೋ ಅಡುಗೆ ಅಷ್ಟು ಎಂದು ಅವರು ಸೂಚಿಸಿದರು. ಸರ್ ಅಷ್ಟು ಸಿಟ್ಟಾದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

"ನಾಳಿ ಹಸಿವಿ ಆಗ್ತದ ಅಂತ ಇವತ್ತೇ ಹೆಸರು ಬರಸಬೇಕೇನ್ರಿ? ದಾಸೋಹದಾಗ ಯಾರು ನೀ ಅಂತ ಕೇಳಿದ ಮ್ಯಾಲ ಅದು ದಾಸೋಹ ಹ್ಯಾಂಗ ಆಗ್ತದ?"

"ಮತ್ತ ಕೆಡಸೂಣೇನ್ರಿ ಸರ?"

"ಬ್ಯಾಡ. ಯಾರು ಬರ್ತಾರ ಅಂತ ನನಗ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ. ಎಷ್ಟು ಮಂದಿ ಬರ್ತಾರ ಅಂತ ಹೇಳ್ತೀನಿ. ಒಂದು ತಿಂಗಳು ಕೊಡ್ರಿ."

ಸಾವುಕಾರರು ಶರ್ತು ಹಾಕಿದರು. ಒಂದು ತಿಂಗಳು ಸರ್ ಬರೆದುಕೊಟ್ಟ ಚೀಟಿಯಂತೆ ಅಡುಗೆ. ಒಂದು ಹಂಡೆಗಿಂತ ಹೆಚ್ಚು ಉಳಿಯಬಾರದು, ಒಬ್ಬರೂ ಹಸಿದು ಹೋಗಬಾರದು. ಎರಡರಲ್ಲಿ ಒಂದು ತಪ್ಪಿದರೂ ಟೋಕನ್.

ಮೊದಲ ಎರಡು ವಾರ ಹಿತ್ತಲ ದನಗಳಿಗೆ ಬೇಜಾರಾಗಿರಬೇಕು, ಅವುಗಳ ಪಾಲಿಗೆ ತಳ ಕೆರೆದದ್ದಷ್ಟೇ ಸಿಗುತ್ತಿತ್ತು. ಮೂರನೇ ವಾರ ಒಂದು ಗುರುವಾರ. ತಿದ್ದವ್ವನ ಲೆಕ್ಕದಂತೆ ಇನ್ನೂರ ನಲವತ್ತಾರು ಎಂದು ಚೀಟಿ ಹೋಗಿತ್ತು. ಕಾಲೇಜಿಗೆ ರಜೆ ಇದ್ದುದರಿಂದ ನಾನೂ ಅಲ್ಲಿದ್ದೆ. ಹನ್ನೆರಡೂವರೆಗೆ ಪಂಕ್ತಿ ಅಂಗಳ ದಾಟಿತ್ತು. ಒಂದು ಗಂಟೆಗೆ ಬಾಗಿಲ ಹೊರಗೂ ಮಂದಿ. ಸರ್ ಡಬ್ಬಿಗಳ ಪಕ್ಕ ನಿಂತು ಒಂದೊಂದೇ ಕಾಳು ಬೀಳುವುದನ್ನು ನೋಡುತ್ತಿದ್ದರು. ಇನ್ನೂರೈವತ್ತು ದಾಟಿತೆಂದು ಅವರ ಮುಖವೇ ಹೇಳುತ್ತಿತ್ತು. ಈಗ ಅನ್ನ ತೀರುತ್ತದೆ, ಈಗ ತೀರುತ್ತದೆ ಎಂದು ನಾನು ಹಂಡೆಗಳ ಕಡೆಗೇ ನೋಡುತ್ತಿದ್ದೆ. ಅನ್ನ ತೀರಲಿಲ್ಲ. ಕೊನೆಯವರೂ ಉಂಡು ಎದ್ದರು. ಎಣಿಸಿದರೆ ನಾನೂರ ಹನ್ನೆರಡು ಕಾಳು.

ಸರ್ ಅಡುಗೆಮನೆಗೆ ಹೋದರು. "ಶಾಂತವ್ವ, ಎಷ್ಟು ಮಂದಿಗಿ ಮಾಡಿದ್ದಿ?"

"ನಾನೂರು ಮಂದಿಗಿರಿ."

"ನಾ ಇನ್ನೂರಾ ನಲವತ್ತಾರು ಅಂತ ಬರದು ಕೊಟ್ಟಿದ್ದೆ."

"ಚೀಟಿ ಇಲ್ಲೇ ಅದರಿ, ನೋಡೀನಿ." ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವತ್ತ ಅಮಾಸಿ ಅಲ್ರಿ?"

ಸರ್‌ಗೂ ಪಂಚಾಂಗಕ್ಕೂ ಆಗಿಬರುತ್ತಿರಲಿಲ್ಲ. ತಿಥಿ, ರಾಹುಕಾಲ, ಮುಹೂರ್ತ ಯಾವುದನ್ನೂ ಶರಣರು ಒಪ್ಪಿದವರಲ್ಲ ಎಂದು, ಹಟಕ್ಕೆ ಬಿದ್ದು ಅಮಾವಾಸ್ಯೆಯ ದಿನವೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದವರು. ಅವರ ಮನೆಯ ಗೋಡೆಯ ಮೇಲಿದ್ದದ್ದು ಬರೀ ತಾರೀಖಿನ ಕ್ಯಾಲೆಂಡರ್.

"ಅಮಾಸಿ ಇದ್ರ ಏನಾಯ್ತು? ನಾ ಅದೆಲ್ಲ ನಂಬಂಗಿಲ್ಲ."

"ನೀವು ನಂಬಬ್ಯಾಡ್ರಿ ಸರ. ಬರೋ ಮಂದಿ ನಂಬ್ತಾರಲ್ರಿ. ಇವತ್ತ ಯಾರೂ ಎತ್ತು ಹೂಡಂಗಿಲ್ಲ. ಗದ್ದಿಗಿಗಿ ಬರ್ತಾರ, ಕಾಯಿ ಒಡಸ್ತಾರ, ಉಂಡು ಹೋಗ್ತಾರ. ನೀವು ಸುಮ್ಮ ನಂಬಂಗಿಲ್ಲ ಅಂತ ಕುಂತ್ರ ಅವರ ಹೊಟ್ಟಿ ಕೇಳ್ತದೇನು?"

ಸರ್ ಅಡುಗೆಮನೆಯ ಬಾಗಿಲಿಗೆ ತೂಗುಬಿಟ್ಟಿದ್ದ ಶಾಂತವ್ವನ ಪಂಚಾಂಗದ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತುಕೊಂಡು ಬಂದು ರಿಜಿಸ್ಟರಿನ ಪಕ್ಕ ಹಾಸಿದರು. ಹೋದ ವರ್ಷದ್ದೂ ಅದರ ಹಿಂದೆಯೇ ಇತ್ತು. ವರ್ಷದಲ್ಲಿ "ಕಾರಣ ಗೊತ್ತಿಲ್ಲ" ಎಂಬ ಹನ್ನೊಂದು ಕೆಂಪು ಸುತ್ತುಗಳಿದ್ದವು. ನಾನು ತಾರೀಖು ಓದುತ್ತ ಹೋದೆ, ಅವರು ಕ್ಯಾಲೆಂಡರಿನಲ್ಲಿ ಬೆರಳಿಡುತ್ತ ಹೋದರು. ಹನ್ನೊಂದೂ ಅಮಾವಾಸ್ಯೆ. ಹನ್ನೆರಡನೆಯದು ಸೋಮವಾರವೇ ಬಿದ್ದಿತ್ತು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನಾದರೂ ಏನು ಕಡಿದಿದ್ದೆ? ನಮ್ಮ ಅವ್ವ ಪ್ರತಿ ಅಮಾವಾಸ್ಯೆ ಒಪ್ಪತ್ತು ಇರುತ್ತಾಳೆ, ಅವತ್ತು ಮನೆಯಲ್ಲಿ ನನಗೂ ಮುಂಜಾನೆ ತಿಂಡಿ ಇಲ್ಲ. ಆದರೂ ನನ್ನ ಲ್ಯಾಪ್‌ಟಾಪಿಗೆ ವಾರ ಗೊತ್ತು, ತಿಂಗಳು ಗೊತ್ತು, ಚಂದ್ರ ಗೊತ್ತಿರಲಿಲ್ಲ.

"ಎಂಥಾ ಮೂರ್ಖ ಅದೀನಿ ನೋಡ್ರಿ ಮೇಡಂ" ಎಂದು ಸರ್ ನಗತೊಡಗಿದರು. "ನಾ ಒಪ್ಪಂಗಿಲ್ಲ ಅಂದಿದ್ದಕ್ಕ ಅದಕ್ಕೊಂದು ಕಾಲಂನೂ ಕೊಟ್ಟಿದ್ದಿಲ್ಲ."

ತಿಂಗಳು ಮುಗಿಯಿತು. ಕಮಿಟಿ ಸೇರುವ ದಿನ ದಾರಿಯಲ್ಲಿ ನಾನು ಅವರಿಗೆ ಬುದ್ಧಿ ಹೇಳಲು ಹೋದೆ. ಹಂಡೆ ಉಳಿದಿಲ್ಲ, ಯಾರೂ ಹಸಿದು ಹೋಗಿಲ್ಲ, ಶರ್ತು ಗೆದ್ದಾಗಿದೆ. ಆ ಗುರುವಾರದ ಮಾತು ಎತ್ತದಿದ್ದರೆ ಯಾರಿಗೆ ಏನು ನಷ್ಟ ಎಂದೆ. ನನಗೆ ನಿಜವಾಗಿ ಭಯವಿತ್ತು. ಟೋಕನ್ ಬಂದರೆ ಆ ಮಠದಲ್ಲಿ ಸರ್ ಮತ್ತೆ ಉಣ್ಣುವುದಿಲ್ಲವೆಂದು ನನಗೆ ಗೊತ್ತಿತ್ತು.

"ಶರ್ತು ಗೆದ್ದೀವಿ, ಖರೇ. ಲೆಕ್ಕ ಸೋತದ. ತಪ್ಪು ಬರೀಲಾರದವ ಅಂದಾಜು ಹೇಳಬಾರದು ಮೇಡಂ" ಎಂದರು. ಸಭೆಯಲ್ಲಿ ಎದ್ದು ನಿಂತು ಇಡೀ ತಿಂಗಳ ನೀಲಿ ಅಂಕಿ, ಕೆಂಪು ಅಂಕಿ ಓದಿದರು. ಗುರುವಾರಕ್ಕೆ ಬಂದಾಗ ದನಿಯೇನೂ ತಗ್ಗಲಿಲ್ಲ.

"ಅಂದ್ರ ನಿಮ್ಮ ಚೀಟಿಯಂಗ ಮಾಡಿದ್ರ ನೂರಾ ಅರವತ್ತು ಮಂದಿ ಹಸದು ಹೋಗ್ತಿದ್ರು" ಎಂದರು ಸಾವುಕಾರರು.

"ನೂರಾ ಅರವತ್ತಾರು ರಿ" ಎಂದು ಸರ್ ತಿದ್ದಿದರು.

ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಸಾವುಕಾರರು ಶಾಂತವ್ವನನ್ನು ಕರೆಸಿದರು. "ಟೋಕನ್ ಇಟ್ಟಿದ್ರ ಈ ಅಮಾಸಿ ಮಂದಿ ಹಿಂದಿನ ದಿನ ಬಂದು ಹೆಸರು ಬರಸ್ತಿದ್ರೇನವಾ?"

"ಎಲ್ಲಿಂದ ಬರ್ತಾರ್ರಿ ಸಾವುಕಾರ್ರ? ನಮ್ಮ ತಾಲೂಕಿನ ಮುಧೋಳ ಕಡಿಂದ, ಚಿಂಚೋಳಿ ಕಡಿಂದ ಮುಂಜಾನಿ ಬಸ್ಸಿಗಿ ಬರೋ ಮಂದಿ. ಉಣ್ಣಾಕ ಒಮ್ಮಿ, ಹೆಸರು ಬರಸಾಕ ಒಮ್ಮಿ ಬರ್ತಾರೇನ್ರಿ?"

ಸಾವುಕಾರರು ವ್ಯಾಪಾರಸ್ಥರು, ಲೆಕ್ಕ ಬೇಗ ಹತ್ತುತ್ತದೆ. "ಹಂಗಾದ್ರ ಟೋಕನ್ನಿಗೂ ನೂರಾ ಅರವತ್ತಾರು ತಪ್ಪೇ" ಎಂದು ತಮಗೇ ಹೇಳಿಕೊಂಡರು. ಸರ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಬರಾಬರ್ ಹೇಳಿದ್ರಿ! ಟೋಕನ್ ಅಂದ್ರನೂ ಒಂದು ಅಂದಾಜೇ. ಅದನ್ನೂ ನಿನ್ನೆಪ್ಪ, ವಾರವ್ವರ ಸಾಲಿನಾಗ ನಿಲ್ಲಿಸಿ ನೋಡಬೇಕು!" ಅವರ ಆ ಸಂಭ್ರಮ ನೋಡಿ ಸಾವುಕಾರರಿಗೂ ನಗು ತಡೆಯಲಾಗಲಿಲ್ಲ. ಟೋಕನ್ ಮಾತು ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಎತ್ತಲಿಲ್ಲ.

ರಿಜಿಸ್ಟರಿನಲ್ಲಿ ಐದನೆಯ ಕಾಲಂ ಬಂತು. ಅದರ ಹೆಸರು ಶಾಂತವ್ವ. ದಿನಾ ಸಂಜೆ ಉಳಿದ ನಾಲ್ವರ ಅಂಕಿ ಹೇಳದೆ, ಮೊದಲು ಅವಳನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಮಾಮೂಲಿ ದಿನಗಳಲ್ಲಿ ತಿದ್ದವ್ವ ಅವಳಿಗಿಂತ ಸ್ವಲ್ಪ ಮುಂದೆ. ಅಮಾವಾಸ್ಯೆ, ಸಂತೆ, ಸುಗ್ಗಿ ಬಂದರೆ ಶಾಂತವ್ವನ ಹತ್ತಿರ ಯಾರೂ ಸುಳಿಯುವಂತಿಲ್ಲ. ಹೀಗೆ ಮೂರು ವರ್ಷ ನಡೆಯಿತು. ನನ್ನ ನೌಕರಿಯ ದಿನಗಳಲ್ಲಿ ಅಷ್ಟು ನೆಮ್ಮದಿಯ ಸಂಜೆಗಳು ಬೇರೆ ಇಲ್ಲ. ಎಣಿಸಿ ಮುಗಿದ ಕಾಳನ್ನು ಅವರು ಡಬ್ಬಿಗೆ ಸುರಿಯುತ್ತಿದ್ದ ಆ ಸಪ್ಪಳ ನನಗೆ ಈಗಲೂ ಇಷ್ಟ.

ಈ ಚಳಿಗಾಲದಲ್ಲಿ ಸರ್ ಹೋದರು. ಬಹಳ ನರಳಲಿಲ್ಲ. ತೀರಿಕೊಂಡವರ ಹೆಸರಿನಲ್ಲಿ ಎಲ್ಲರಿಗೂ ಉಣಬಡಿಸುವ ಶಿವಗಣಾರಾಧನೆಯನ್ನು ಮಠದಲ್ಲೇ ಮಾಡಬೇಕೆಂದು ಮಗಳು ಹೇಳಿದಳು. ಹಿಂದಿನ ಸಂಜೆ ಅಂದಾಜು ಬರೆಯಲೆಂದು ರಿಜಿಸ್ಟರ್ ತೆಗೆದರೆ, ಕೊನೆಯ ಹಾಳೆಯಲ್ಲಿ ನೀಲಿ ಪೆನ್ನಿನ ಒಂದು ಸಾಲು ಮೊದಲೇ ಇತ್ತು. "ನನ್ನ ಗಣಾರಾಧನೆ. ಮಾಮೂಲು ಮಂದಿ ಇನ್ನೂರೈವತ್ತು, ಮೇಲೆ ನಲವತ್ತು. ಒಟ್ಟು ಇನ್ನೂರ ತೊಂಬತ್ತು. ಹೆಚ್ಚು ಮಾಡಿ ಕೆಡಿಸಬಾರದು." ನಾನು ಅಳುತ್ತಲೇ ನಕ್ಕೆ.

ನನ್ನ ಅಂದಾಜು ಆರುನೂರು. ಅದನ್ನು ಹೇಳದೆ, ಮೊದಲು ಶಾಂತವ್ವನದನ್ನು ಕೇಳಿದೆ.

"ಇವತ್ತ ನನ್ನ ಕೇಳಬ್ಯಾಡ್ರಿ ಮೇಡಂ. ಇದ್ದ ಹಂಡೆ ಎಲ್ಲಾ ಒಲಿ ಮ್ಯಾಲ ಏರಸೂಣು."

ಮರುದಿನ ಮಂದಿ ಬಂದರು. ವಾಡಿ, ಶಹಾಬಾದಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಗಳು ಪಾಳಿ ಬದಲಿಸಿಕೊಂಡು ಬಂದರು. ಮಳಖೇಡದಿಂದ ಟಂಟಂ ಗಾಡಿ ತುಂಬ ಬಂದರು. ಚಿಂಚೋಳಿಯ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು, "ಅವರ ಹೆಸರು ಗೊತ್ತಿಲ್ರಿ, ಕಾಳು ಹಾಕ್ತಿದ್ರಲ್ಲ ಆ ಸರ" ಎಂದು ಹೇಳಿ ಕೂತು ಉಂಡಳು. ಡಬ್ಬಿಯ ಕಾಳು ಮಧ್ಯಾಹ್ನಕ್ಕೇ ಮುಗಿಯಿತು. ಸಾವುಕಾರರು ಅಂಗಡಿಯಿಂದ ಒಂದು ಚೀಲ ತೊಗರಿ ತರಿಸಿದರು. ಕೊನೆಯ ಪಂಕ್ತಿಗೆ ಅನ್ನದ ಜೊತೆ ಖಡಕ್ ರೊಟ್ಟಿ ಸೇರಿಸಿ ಬಡಿಸಬೇಕಾಯಿತು, ಆದರೆ ಒಬ್ಬರೂ ಹಸಿದು ಹೋಗಲಿಲ್ಲ.

ಸಂಜೆ ನಾನು, ಶಾಂತವ್ವ, ಸಾವುಕಾರರು ಅದೇ ಧೋತರದ ತುಂಡಿನ ಸುತ್ತ ಕುಳಿತು ಹತ್ತು ಹತ್ತಾಗಿ ಎಣಿಸಿದೆವು. ಸಾವಿರದ ನೂರ ನಲವತ್ತಮೂರು. ಅವರ ನೀಲಿ ಅಂಕಿಯ ಪಕ್ಕ ಕೆಂಪು ಪೆನ್ನಿನಿಂದ ತಪ್ಪು ಬರೆದೆ, ಎಂಟುನೂರ ಐವತ್ತಮೂರು. ಆ ರಿಜಿಸ್ಟರಿನಲ್ಲಿ ಅಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ಅದರ ಸುತ್ತ ಒಂದು ಸುತ್ತು ಎಳೆದೆ. ಕಾರಣದ ಜಾಗ ಉಳಿದಿತ್ತು. ಊಹಿಸಿ ತುಂಬಬಾರದು ಎಂಬುದು ಅವರ ನಿಯಮ, ಹಾಗಾಗಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತೆ. ಆಮೇಲೆ ಬರೆದೆ: "ಕಾ‌ರಣ ಗೊತ್ತು."